ಹಳೇ ಜೀಪಿಗೆ ಪಾರ್ಟ್ ಹುಡುಕುವ ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಜೀಪು ಅಪ್ಪನ ಕಾಲದ್ದು. ಪೆಟ್ರೋಲ್ ಎಂಜಿನ್ನಿನ ಸಿಜೆ-3ಬಿ ಮಾಡೆಲ್. ಕಾಫಿ ಮೂಟೆ, ಗೊಬ್ಬರ, ಮದುವೆ ಮನೆಯ ಪಾತ್ರೆ, ಹೆರಿಗೆ ನೋವು ಬಂದ ಹೆಂಗಸರು, ಎಲ್ಲವನ್ನೂ ಎಲ್ಲರನ್ನೂ ಹೊತ್ತಿದೆ. ಆಮೇಲೆ ಎಂಟು ವರ್ಷ ಕೊಟ್ಟಿಗೆಯ ಪಕ್ಕ ನಿಂತೇ ಇತ್ತು. ಅದನ್ನು ಮತ್ತೆ ರಸ್ತೆಗಿಳಿಸಲು ನನಗೆ ಎರಡೂವರೆ ವರ್ಷ ಹಿಡಿಯಿತು. ನಂತರ ಚಿಕ್ಕಪ್ಪನ ಎಂಎಂ 540, ಅಂದರೆ ಮಹೀಂದ್ರಾದ ಡೀಸೆಲ್ ಜೀಪನ್ನೂ ಕಟ್ಟಿದೆವು. ಈ ಎರಡು ಗಾಡಿಗಳಲ್ಲೂ ಹೆಚ್ಚು ಸಮಯ ತಿಂದಿದ್ದು ಸ್ಪ್ಯಾನರ್ ಕೆಲಸ ಅಲ್ಲ, ಪಾರ್ಟ್ ಹುಡುಕುವ ಕೆಲಸ. ಈಗ ಜೀಪು ಕಟ್ಟಲು ಹೊರಟವರು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಾರೆ. ಅವರು ಕೇಳುವುದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಆರ್‌ಸಿಯಲ್ಲಿ ಮಾಡೆಲ್ ಹೆಸರು ಇದೆ. ಅದನ್ನು ಹೇಳಿ ಪಾರ್ಟ್ ಕೇಳಿದರೆ ಸಾಕಲ್ವಾ?

ಸಾಲದು. ಬೇರೆ ಏನನ್ನು ಮರೆತರೂ ಇದೊಂದನ್ನು ಮರೆಯಬೇಡಿ. ಆರ್‌ಸಿ ಹೇಳುವುದು ಆ ಜೀಪು ಫ್ಯಾಕ್ಟರಿಯಿಂದ ಹೇಗೆ ಬಂತು ಅನ್ನುವುದನ್ನು. ಮೂವತ್ತು ನಲವತ್ತು ವರ್ಷ ತೋಟದಲ್ಲಿ ದುಡಿದ ಮೇಲೆ ಅದರೊಳಗೆ ಏನಿದೆ ಅಂತ ಅದು ಹೇಳುವುದಿಲ್ಲ.

ನಮ್ಮ ಕಡೆ ಜೀಪು ಮಳೆಗಾಲದ ನಡುವೆ ಕೈಕೊಟ್ಟರೆ ಸರಿಯಾದ ಪಾರ್ಟ್‌ಗೆ ಕಾಯುವ ಪುರುಸೊತ್ತು ಯಾರಿಗೂ ಇರುತ್ತಿರಲಿಲ್ಲ. ಹತ್ತಿರದಲ್ಲಿ ಯಾವ ಗೇರ್‌ಬಾಕ್ಸ್ ಸಿಕ್ಕಿತೋ ಅದನ್ನೇ ಕೂರಿಸಿ ಓಡಿಸಿದರು. ಹಾಗಾಗಿ ಹೆಸರಿಗೆ ಸಿಜೆ-3ಬಿ, ಗೇರ್‌ಬಾಕ್ಸ್ ಇನ್ನೊಂದರದ್ದು, ಹಿಂದಿನ ಆಕ್ಸಲ್‌ನ ಹೌಸಿಂಗ್ (ಕವಚ) ಮತ್ತೊಂದರದ್ದು, ಬ್ರೇಕ್ ಡ್ರಮ್ ಮಗದೊಂದರದ್ದು ಆಗಿರುವ ಜೀಪುಗಳೇ ಜಾಸ್ತಿ. ಇದು ತಪ್ಪಲ್ಲ. ಆ ಮೇಸ್ತ್ರಿಗಳು ಹಾಗೆ ಮಾಡಿದ್ದರಿಂದಲೇ ಈ ಗಾಡಿಗಳು ಇವತ್ತಿಗೂ ಉಳಿದಿವೆ. ಆದರೆ ನೀವು ಪಾರ್ಟ್ ತರುವಾಗ ಹೆಸರು ನಂಬಬೇಡಿ. ಕೈಯಲ್ಲಿರುವ ಹಳೇ ಪಾರ್ಟನ್ನು ನಂಬಿ. ಅಂಗಡಿಯವರು 'ಸ್ಯಾಂಪಲ್ ತಗೊಂಡು ಬನ್ನಿ' ಅನ್ನುವುದು ಇದಕ್ಕೇ.

ಒಂದು ಉದಾಹರಣೆ ಕೊಡುತ್ತೇನೆ. ಹಳೇ ಜೀಪುಗಳ ಟ್ರಾನ್ಸ್‌ಫರ್ ಕೇಸ್‌ಗೆ, ಅಂದರೆ ಎಂಜಿನ್ನಿನ ಬಲವನ್ನು ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಬಾಕ್ಸಿಗೆ, ಡಾನಾ 18 ಅಂತ ಹೆಸರು. ಒಳಗೆ ಒಂದು ಇಂಟರ್‌ಮೀಡಿಯೆಟ್ ಶಾಫ್ಟ್ ಇರುತ್ತದೆ. ಅದು ಕಾಲಕಾಲಕ್ಕೆ ಮೂರು ಅಳತೆಯಲ್ಲಿ ಬಂದಿದೆ: ಮುಕ್ಕಾಲು ಇಂಚು, ಒಂದೂಕಾಲಿಗೆ ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ) ಕಮ್ಮಿ, ಆಮೇಲೆ ಪೂರ್ತಿ ಒಂದೂಕಾಲು ಇಂಚು. ಬಾಕ್ಸಿನ ಹೆಸರು ಒಂದೇ. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಹೆಸರು ಹೇಳಿ ತಂದರೆ ಮೂರರಲ್ಲಿ ಯಾವುದು ಬರುತ್ತದೋ ಏನೋ.

ಹಾಗಾದರೆ ನನ್ನ ಹತ್ತಿರ ಇರುವುದು ಏನು ಅಂತ ತಿಳಿಯುವುದು ಹೇಗೆ?

ಎಂಜಿನ್ನಿನಿಂದ ಶುರು ಮಾಡಿ. ಮಹೀಂದ್ರಾದವರು 1947ರಲ್ಲಿ ಅಮೆರಿಕದ ವಿಲ್ಲೀಸ್ ಕಂಪನಿಯ ಜೀಪು ಜೋಡಿಸಲು ಹೊರಟರು. ಸಿಜೆ-3ಬಿ ಬಂದಿದ್ದು ಆಮೇಲೆ. ಅಮೆರಿಕದಲ್ಲಿ ಅದು 1953ರಿಂದ 1968ರ ತನಕ ಮಾತ್ರ ತಯಾರಾಯಿತು, ನಮ್ಮಲ್ಲಿ ಅದಾದ ಮೇಲೂ ತುಂಬಾ ವರ್ಷ ನಡೆಯಿತು. ಬಾನೆಟ್ ಎತ್ತರ ಇದ್ದರೆ ಅದೇ. ಎತ್ತರ ಯಾಕೆಂದರೆ ಒಳಗಿನ 2.2 ಲೀಟರ್ ಹರಿಕೇನ್ ಪೆಟ್ರೋಲ್ ಎಂಜಿನ್ ಎತ್ತರ. ಇದರಲ್ಲಿ ಗಾಳಿ ಒಳಗೆ ಬರುವ ವಾಲ್ವ್ ಹೆಡ್ಡಿನಲ್ಲಿ, ಹೊಗೆ ಹೋಗುವ ವಾಲ್ವ್ ಬ್ಲಾಕಿನಲ್ಲಿ. ಅದಕ್ಕಿಂತ ಹಳೆಯದರಲ್ಲಿ ಎರಡೂ ಬ್ಲಾಕಿನಲ್ಲೇ ಇರುತ್ತವೆ.

ಡೀಸೆಲ್ ಆದರೆ ಹೆಚ್ಚಾಗಿ ಮೂರು ಬಗೆ. 2.1 ಲೀಟರಿನ ಪ್ಯೂಜೋ ಎಕ್ಸ್‌ಡಿಪಿ 4.90, 2.5 ಲೀಟರಿನ ಪ್ಯೂಜೋ ಎಕ್ಸ್‌ಡಿ3ಪಿ, ಮತ್ತೆ ಟ್ರ್ಯಾಕ್ಟರ್ ಎಂಜಿನ್ನಿನ ವಂಶದ ಎಂಡಿಐ. ಎಂಡಿಐ ಸದ್ದು ಕೇಳಿದರೇ ಗೊತ್ತಾಗುತ್ತದೆ. ಬೊಲೆರೊ ಡಿಐ ಹತ್ತಿದವರಿಗೆ ಅದು ಪರಿಚಯದ ಸದ್ದು.

ನಂತರ ಕೆಳಗೆ ನುಗ್ಗಿ. ಗೇರ್ ಮೂರಾ ನಾಲ್ಕಾ ನೋಡಿ. ಹೌಸಿಂಗ್ ಮೇಲೆ ಎರಕದಲ್ಲಿ ಮೂಡಿದ ಅಕ್ಷರ, ನಂಬರ್ ಇರುತ್ತವೆ. ತಂತಿ ಬ್ರಶ್‌ನಲ್ಲಿ ಉಜ್ಜಿ, ಸೀಮೆಸುಣ್ಣ ಸವರಿದರೆ ಎದ್ದು ಕಾಣುತ್ತವೆ. ಫೋಟೋ ತೆಗೆದಿಡಿ. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಆರ್‌ಸಿ ಜೊತೆ ಹೋಲಿಸಿ. ಹೊಂದದಿದ್ದರೆ ಒಂದು ರೂಪಾಯಿ ಖರ್ಚು ಮಾಡುವ ಮೊದಲು ಕಾಗದದ ಕೆಲಸ ಮುಗಿಸಿಕೊಳ್ಳಿ. ಅದರ ಬಗ್ಗೆ ಮುಂದೆ ಹೇಳಿದ್ದೇನೆ.

ಬಿಚ್ಚಿದ ಮೇಲೆ ಹಾಳಾದ ಪಾರ್ಟ್ ಇಟ್ಟುಕೊಂಡು ಏನು ಮಾಡುವುದು? ಗುಜರಿಗೆ ಹಾಕಬಹುದಾ?

ದಯವಿಟ್ಟು ಬೇಡ. ಗಾಡಿ ಸ್ಟಾರ್ಟ್ ಆಗಿ, ಒಂದು ಮಳೆಗಾಲ ಓಡುವ ತನಕ ಒಂದು ವಾಷರ್ ಕೂಡ ಎಸೆಯಬೇಡಿ. ಮುರಿದ ಪಾರ್ಟೂ ಅಳತೆ ಹೇಳುತ್ತದೆ. ಹರಿದ ಪ್ಯಾಕಿಂಗ್ ಕೂಡ ದಪ್ಪ ಹೇಳುತ್ತದೆ.

ನಾನು ಗೊಬ್ಬರದ ಖಾಲಿ ಚೀಲ ಬಳಸಿದೆ. ಮುಂದಿನ ಆಕ್ಸಲ್‌ನ ಎಡಗಡೆಯದು ಒಂದು ಚೀಲ, ಬಲಗಡೆಯದು ಇನ್ನೊಂದು. ಒಳಗೆ ರಟ್ಟಿನ ಚೂರಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದ ಚೀಟಿ. ಪೆನ್ಸಿಲ್ ಯಾಕೆಂದರೆ ನಮ್ಮ ಮಳೆಗಾಲದ ತೇವಕ್ಕೆ ಪೆನ್ನಿನ ಬರಹ ಹರಡಿ ಹೋಗುತ್ತದೆ. ಶಿಮ್‌ಗಳನ್ನು, ಅಂದರೆ ತೆಳು ಲೋಹದ ಬಿಲ್ಲೆಗಳನ್ನು, ಯಾವ ಕಡೆ ಎಷ್ಟಿದ್ದವೋ ಹಾಗೇ ತಂತಿಯಲ್ಲಿ ಪೋಣಿಸಿಡಿ. ಡಿಫರೆನ್ಷಿಯಲ್ ಸೆಟ್ಟಿಂಗ್ ಮಾಡುವ ಮೇಸ್ತ್ರಿ ಅದನ್ನು ನೋಡಿ ನಿಮಗೆ ಕೈ ಮುಗಿಯುತ್ತಾರೆ.

ಕೊಡಗಿನಲ್ಲೇ ಏನೇನು ಸಿಗುತ್ತದೆ? ಹೊರಗೆ ಹೋಗಬೇಕಾದರೆ ಎಲ್ಲಿಗೆ?

ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇಲ್ಲೇ ಸಿಗುತ್ತದೆ. ಮಡಿಕೇರಿಯಿಂದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳು ಕಲ್ಲುದಾರಿಯಲ್ಲಿ ದಿನಾ ಏಟು ತಿನ್ನುತ್ತವೆ. ಹಾಗಾಗಿ ಸ್ಪ್ರಿಂಗ್ ಪ್ಲೇಟು, ಬುಷ್, ಯು-ಬೋಲ್ಟು, ಕ್ಲಚ್ ಪ್ಲೇಟು, ಪ್ರೊಪೆಲ್ಲರ್ ಶಾಫ್ಟಿನ (ಟ್ರಾನ್ಸ್‌ಫರ್ ಕೇಸಿನಿಂದ ಆಕ್ಸಲ್‌ಗೆ ಹೋಗುವ ಉದ್ದ ಶಾಫ್ಟು) ಕ್ರಾಸು, ಬ್ರೇಕ್ ಕಿಟ್ಟು ಮುಂತಾದವನ್ನು ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆಗಳಲ್ಲಿ ಕೇಳಿದ ಮೇಲೆಯೇ ಮುಂದಕ್ಕೆ ಹೋಗಿ. ಆ ಜೀಪುಗಳನ್ನು ನೋಡಿಕೊಳ್ಳುವ ಮೇಸ್ತ್ರಿಗಳ ಹತ್ತಿರ ಕೂತು ಒಂದು ಕಾಫಿ ಕುಡಿಯಿರಿ. ಯಾರ ತೋಟದ ಮೂಲೆಯಲ್ಲಿ ಯಾವ ಜೀಪು ತುಕ್ಕು ಹಿಡಿಯುತ್ತಿದೆ ಅಂತ ಅವರಿಗೆ ಗೊತ್ತಿರುತ್ತದೆ. ನಮ್ಮ ಜೀಪಿನ ಸ್ಟೀರಿಂಗಿನ ಬೆಲ್ ಕ್ರ್ಯಾಂಕ್ ಹಾಗೇ ಸಿಕ್ಕಿದ್ದು, ನಾಪೋಕ್ಲು ಕಡೆಯ ಒಂದು ತೋಟದ ಹಳೇ ಶೆಡ್ಡಿನಲ್ಲಿ.

ಲೇತ್‌ನವರನ್ನೂ ಮರೆಯಬೇಡಿ. ಬುಷ್, ಪಿನ್ನು, ಸ್ಪೇಸರ್ ಎಲ್ಲ ಹುಡುಕುವುದಕ್ಕಿಂತ ತಿರುಗಿಸಿಕೊಳ್ಳುವುದೇ ಬೇಗ.

ಆಮೇಲೆ ಮೈಸೂರು. ಅಲ್ಲಿ ಸಿಗದಿದ್ದರೆ ಬೆಂಗಳೂರು. ಹೊಸ ಪಾರ್ಟ್‌ಗೆ ಜೆಸಿ ರೋಡ್, ಹಳೇದಕ್ಕೆ ಶಿವಾಜಿನಗರದ ಗುಜರಿ. ಕೊಯಮತ್ತೂರಿನ ಉಕ್ಕಡಂ, ಚೆನ್ನೈನ ಪುದುಪೇಟೆ ಕೂಡ ಹಳೇ ಗಾಡಿಯ ಭಾಗಗಳಿಗೆ ಹೆಸರಾದ ಜಾಗಗಳು. ದೆಹಲಿಯಲ್ಲಿ ಹೊಸದಕ್ಕೆ ಕಶ್ಮೀರಿ ಗೇಟ್, ಹಳೇದಕ್ಕೆ ಮಾಯಾಪುರಿ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಜೀಪು ಕಟ್ಟುವುದೇ ಊರಿನ ಕಸುಬು.

ಒಂದೇ ಪಾರ್ಟ್‌ಗೆ ಅಂತ ಅಷ್ಟು ದೂರ ಹೋಗಬೇಡಿ. ಪಟ್ಟಿ ಮಾಡಿ, ಸ್ಯಾಂಪಲ್ ಚೀಲ ಹಿಡಿದು, ಒಂದೇ ಸಲ ಹೋಗಿ. ಭಾನುವಾರ ಬಿಟ್ಟು ಹೋಗಿ.

ಬೇರಿಂಗ್ ಕೇಳಿದರೆ 'ಜೀಪಿನದು ಈಗ ಬರಲ್ಲ' ಅನ್ನುತ್ತಾರೆ. ಏನು ಮಾಡಲಿ?

ಜೀಪಿನ ಬೇರಿಂಗ್ ಅಂತ ಕೇಳಲೇಬೇಡಿ. ನಂಬರ್ ಕೇಳಿ. ಬೇರಿಂಗ್ ಯಾವ ಗಾಡಿಯದೂ ಅಲ್ಲ, ಅದು ಅಳತೆಯದು. ಅದೇ ಬೇರಿಂಗ್ ಟ್ರ್ಯಾಕ್ಟರ್, ಟ್ರೇಲರ್, ಮಿಲ್ಲಿನಲ್ಲೂ ಇರುತ್ತದೆ.

ಸಿಜೆ-3ಬಿಯ ಮುಂದಿನ ವೀಲ್ ಬೇರಿಂಗ್ ಕೋನ್ (ರೋಲರ್ ಇರುವ ಒಳಭಾಗ) ನಂಬರ್ 18590, ಅದರ ಕಪ್ (ಹೊರಗಿನ ಬಳೆ) 18520. ಕಿಂಗ್ ಪಿನ್ ಬೇರಿಂಗ್ 11590, ಕಪ್ 11520. ಬೇರಿಂಗ್ ಮಾರುವ ಅಂಗಡಿಗೆ ಹೋಗಿ ಈ ನಂಬರ್ ಹೇಳಿ. ಆಟೊಮೊಬೈಲ್ ಅಂಗಡಿಯಲ್ಲಿ ಇಲ್ಲ ಅಂದಿದ್ದು ಅಲ್ಲಿ ಕಪಾಟಿನಲ್ಲೇ ಇರಬಹುದು. ಕೋನ್ ಮತ್ತು ಕಪ್ ಎರಡನ್ನೂ ಒಟ್ಟಿಗೆ ಬದಲಿಸಿ. ಹೊಸ ಕೋನ್ ಹಳೇ ಕಪ್ಪಿನಲ್ಲಿ ಕೂತರೆ ಬೇಗ ತಿಂದು ಹೋಗುತ್ತದೆ.

ಆಯಿಲ್ ಸೀಲಿಗೂ ಇದೇ ಮಾತು. ಶಾಫ್ಟಿನ ಅಳತೆ, ಸೀಲು ಕೂರುವ ತೂತಿನ ಅಳತೆ, ದಪ್ಪ. ಈ ಮೂರು ಇದ್ದರೆ ಸಾಕು. ಅಳೆಯಲು ಒಂದು ವರ್ನಿಯರ್ ಕೊಳ್ಳಿ. ಜೀಪು ಕಟ್ಟುವವರ ಮೊದಲ ಖರ್ಚು ಅದೇ ಆಗಬೇಕು ಅಂತ ನನಗನಿಸುತ್ತದೆ.

ಕ್ರೌನ್ ಪಿನಿಯನ್ ಬದಲಿಸಬೇಕು. ಹೇಗೆ ಕೇಳಲಿ?

ಇಲ್ಲಿ ನಾನು ಏಟು ತಿಂದಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಕ್ರೌನ್ ಪಿನಿಯನ್ ಅಂದರೆ ಆಕ್ಸಲ್ ನಡುವೆ ಶಾಫ್ಟಿನ ಬಲವನ್ನು ಚಕ್ರಗಳ ಕಡೆಗೆ ದಾಟಿಸುವ ಎರಡು ಹಲ್ಲಿನ ಗೇರು, ಕ್ರೌನ್ ದೊಡ್ಡದು, ಪಿನಿಯನ್ ಚಿಕ್ಕದು.

ನಮ್ಮ ಜೀಪಿನ ಹಿಂದಿನ ಕ್ರೌನ್ ಹಲ್ಲು ತಿಂದಿತ್ತು. ಹಳೇದನ್ನು ಮನೆಯಲ್ಲೇ ಬಿಟ್ಟು, ಒಂದು ದೊಡ್ಡ ಊರಿನ ಅಂಗಡಿಗೆ ಹೋಗಿ 'ಹಿಂದಿನ ಕ್ರೌನ್ ಪಿನಿಯನ್, ಹಳೇ ಜೀಪು' ಅಂದೆ. ಅವರು ಒಂದು ಸೆಟ್ ಕೊಟ್ಟರು. ಚೆನ್ನಾಗಿಯೇ ಕೂತಿತು, ಸದ್ದೂ ಇರಲಿಲ್ಲ. ಟೂ-ವೀಲ್‌ನಲ್ಲಿ ಎರಡು ತಿಂಗಳು ಓಡಿಸಿದೆ. ಮಳೆ ಶುರುವಾದ ಮೇಲೆ ತೋಟದ ಏರಿನಲ್ಲಿ ಫೋರ್-ವೀಲ್ ಹಾಕಿದೆ. ಗಾಡಿ ಜಗ್ಗತೊಡಗಿತು. ಲಿವರ್ ಸಿಕ್ಕಿಕೊಂಡಿತು, ಹಿಂದಕ್ಕೆ ಬರಲಿಲ್ಲ. ಕೆಸರು ಕಚ್ಚಿರಬೇಕು ಅಂದುಕೊಂಡು ಇನ್ನಷ್ಟು ಆಕ್ಸಿಲರೇಟರ್ ಕೊಟ್ಟೆ. ಟ್ರಾನ್ಸ್‌ಫರ್ ಕೇಸಿನೊಳಗೆ ಟಕ್ ಅಂತ ಹಲ್ಲು ಮುರಿಯಿತು.

ಬಿಚ್ಚಿ ಎಣಿಸಿದಾಗ ಮುಂದೆ ಇದ್ದಿದ್ದು 43ಕ್ಕೆ 8. ಅಂದರೆ ಕ್ರೌನಿನಲ್ಲಿ 43 ಹಲ್ಲು, ಪಿನಿಯನ್‌ನಲ್ಲಿ 8. ಭಾಗಿಸಿದರೆ ಸುಮಾರು 5.38. ಹಿಂದೆ ನಾನು ಹಾಕಿದ್ದು 39ಕ್ಕೆ 8, ಅಂದರೆ ಸುಮಾರು 4.88. ಮುಂದಿನ ಚಕ್ರ ಹತ್ತು ಸುತ್ತು ತಿರುಗುವಷ್ಟರಲ್ಲಿ ಹಿಂದಿನದು ಹನ್ನೊಂದು ತಿರುಗಬೇಕು. ಒಂದೇ ನೆಲದ ಮೇಲೆ ಅದು ಹೇಗೆ ಸಾಧ್ಯ? ನಡುವೆ ಸಿಕ್ಕಿದ ಗೇರುಗಳು ಆ ಜಗಳವನ್ನು ತಿನ್ನಬೇಕಾಗುತ್ತದೆ.

ಬಿಚ್ಚದೆಯೇ ಎಣಿಸುವ ದಾರಿ ಇದೆ. ಸಮತಟ್ಟು ಜಾಗದಲ್ಲಿ, ಕಾಫಿ ಒಣಗಿಸುವ ಕಣ ಇದ್ದರೆ ಅಲ್ಲೇ, ಗಾಡಿ ನಿಲ್ಲಿಸಿ. ಹಿಂದಿನ ಒಂದು ಚಕ್ರ ಮಾತ್ರ ಜ್ಯಾಕಿನಲ್ಲಿ ಎತ್ತಿ. ಉಳಿದ ಮೂರಕ್ಕೂ ಮುಂದೆ ಹಿಂದೆ ಗಟ್ಟಿಯಾಗಿ ಕಲ್ಲು ಕೊಡಿ. ಗೇರ್ ನ್ಯೂಟ್ರಲ್, ಫೋರ್-ವೀಲ್ ಬಿಡಿಸಿರಬೇಕು. ಹಳೇ ಜೀಪಿನಲ್ಲಿ ಹ್ಯಾಂಡ್ ಬ್ರೇಕು ಹಿಡಿಯುವುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಶಾಫ್ಟನ್ನು. ಹಾಗಾಗಿ ಅದನ್ನು ಬಿಡಲೇಬೇಕು, ಅದಕ್ಕೇ ಕಲ್ಲು ಗಟ್ಟಿ ಇರಲಿ ಅಂದಿದ್ದು. ಈಗ ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಪ್ರೊಪೆಲ್ಲರ್ ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ ಅದು ಎಷ್ಟು ಸುತ್ತಿತು ಎಣಿಸಿ. ಐದೂ ಚಿಲ್ಲರೆ ಬಂದರೆ 5.38, ಐದಕ್ಕೆ ಸ್ವಲ್ಪ ಕಮ್ಮಿ ಬಂದರೆ 4.88. ಮುಂದೆಯೂ ಹಾಗೇ ಮಾಡಿ. ಮುಂದೆ ಹಬ್ ಲಾಕ್ (ಚಕ್ರವನ್ನು ಆಕ್ಸಲ್‌ಗೆ ಸೇರಿಸಿ ಬಿಡಿಸುವ ಲಾಕ್) ಇದ್ದರೆ ಲಾಕ್ ಮಾಡಿಕೊಳ್ಳಿ. ಎರಡೂ ಕಡೆ ಲೆಕ್ಕ ಒಂದೇ ಬರಬೇಕು. ಸೆಕೆಂಡ್‌ಹ್ಯಾಂಡ್ ಜೀಪು ಕೊಳ್ಳುವ ಮೊದಲೂ ಇದನ್ನು ಮಾಡಿ ನೋಡಿ.

ಕ್ರೌನ್ ಮತ್ತು ಪಿನಿಯನ್ ಯಾವಾಗಲೂ ಜೋಡಿ. ಎರಡರ ಮೇಲೂ ಒಂದೇ ಜೋಡಿ ನಂಬರ್ ಕೆತ್ತಿರುತ್ತಾರೆ. ಗುಜರಿಯಲ್ಲಿ ಒಂದನ್ನು ಒಂದು ಕಡೆ, ಇನ್ನೊಂದನ್ನು ಇನ್ನೊಂದು ಕಡೆ ಕೊಂಡರೆ ಊಳಿಡುವುದು ಖಂಡಿತ.

ಗುಜರಿ ಪಾರ್ಟ್ ತರಬಹುದಾ, ಹೊಸದೇ ಬೇಕಾ?

ಎರಕದ ದೊಡ್ಡ ವಸ್ತುಗಳು ಹಳೇದೇ ಒಳ್ಳೆಯದು. ಹೌಸಿಂಗ್, ಗೇರ್‌ಬಾಕ್ಸ್ ಕವಚ, ಬೆಲ್ ಹೌಸಿಂಗ್, ಸ್ಟೀರಿಂಗ್ ನಕಲ್ (ಮುಂದಿನ ಚಕ್ರ ತಿರುಗಿಸುವ ಗೆಣ್ಣು), ಹಬ್ಬು. ಆ ಕಾಲದ ಕಬ್ಬಿಣ ಚೆನ್ನಾಗಿದೆ, ಬಿರುಕಿಲ್ಲದಿದ್ದರೆ ಇನ್ನೊಂದು ತಲೆಮಾರು ಬರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಸೀಮೆಸುಣ್ಣ ಬಳಿಯಿರಿ. ಬಿರುಕಿದ್ದರೆ ಒಳಗೆ ಉಳಿದ ಎಣ್ಣೆ ಸ್ವಲ್ಪ ಹೊತ್ತಿಗೆ ಗೆರೆಯಾಗಿ ಹೊರಗೆ ಬರುತ್ತದೆ.

ಬ್ರೇಕಿಗೆ ಸಂಬಂಧಿಸಿದ್ದು, ರಬ್ಬರಿನದು, ಬೇರಿಂಗ್, ಟೈ ರಾಡ್ ಎಂಡ್ ಇವನ್ನು ಹಳೇದು ತರಲೇಬೇಡಿ. ಎಷ್ಟೇ ಚೆನ್ನಾಗಿ ಕಂಡರೂ ಬೇಡ. ಸಂಪಾಜೆ ಘಾಟಿಯನ್ನೋ ಮಾಕುಟ್ಟ ರಸ್ತೆಯನ್ನೋ ಇಳಿಯುವ ಗಾಡಿ ಇದು.

ಗೇರುಗಳು ನಡುವೆ ಬರುತ್ತವೆ. ಹಲ್ಲಿನ ತುದಿ ಚೂಪಾಗಿರಬಾರದು, ಮೈಮೇಲೆ ಗುಳಿ ಬಿದ್ದಿರಬಾರದು.

ಹೊಸ ಪಾರ್ಟ್ ಡುಪ್ಲಿಕೇಟಾ ಒರಿಜಿನಲ್ಲಾ ಅಂತ ಹೇಗೆ ನೋಡುವುದು?

ಪ್ಯಾಕೆಟ್ ನೋಡಿ ತೀರ್ಮಾನ ಮಾಡಬೇಡಿ. ಹಳೇದನ್ನೂ ಹೊಸದನ್ನೂ ತಕ್ಕಡಿಯಲ್ಲಿಡಿ. ತುಂಬಾ ಹಗುರ ಇದ್ದರೆ ಬಿಡಿ. ಗೇರು, ಪಿನ್ನು ಆದರೆ ಹೊಸ ಅರ ತಗೊಂಡು, ಅಂಗಡಿಯವರನ್ನು ಕೇಳಿ, ಕೆಲಸಕ್ಕೆ ಬಾರದ ಒಂದು ಅಂಚಿನಲ್ಲಿ ಮೆತ್ತಗೆ ಉಜ್ಜಿ. ಸರಿಯಾಗಿ ಹದ ಮಾಡಿದ್ದರೆ ಅರ ಜಾರುತ್ತದೆ. ಕಚ್ಚಿಕೊಂಡು ಪುಡಿ ಉದುರಿದರೆ ಅದು ಮೆತ್ತನೆ ಕಬ್ಬಿಣ. ಕ್ಲಚ್ ಪ್ಲೇಟ್ ಆದರೆ ಮಧ್ಯದ ಸ್ಪ್ಲೈನ್ (ತೂತಿನೊಳಗಿನ ಹಲ್ಲು) ಎಣಿಸಿ. ಮೂರು ಗೇರಿನ ಟಿ-90 ಬಾಕ್ಸಿಗೆ ಹತ್ತು ಇರಬೇಕು. ರಬ್ಬರ್ ಬುಷ್ಷನ್ನು ಉಗುರಿನಿಂದ ಒತ್ತಿ, ಗುರುತು ಉಳಿಯಬಾರದು.

ಡುಪ್ಲಿಕೇಟ್ ಎಲ್ಲವೂ ಕೆಟ್ಟದ್ದಲ್ಲ ಅನ್ನುವುದನ್ನೂ ಹೇಳಬೇಕು. ಕೆಲವು ಲೋಕಲ್ ತಯಾರಿಕೆಯ ಶಾಕಲ್, ಬ್ರ್ಯಾಕೆಟ್ ತುಂಬಾ ಚೆನ್ನಾಗಿವೆ.

ಪೆಟ್ರೋಲ್ ಎಂಜಿನ್ನಿಗೆ ಪಾರ್ಟ್ ಸಿಗುತ್ತಾ, ಇಲ್ಲಾ ಡೀಸೆಲ್ ಕೂರಿಸಲಾ?

ಸಿಗುತ್ತದೆ. ವಿಲ್ಲೀಸ್ ಜೀಪಿಗೆ ಲೋಕದ ಎಲ್ಲ ಕಡೆ ಪ್ರೀತಿಸುವವರಿದ್ದಾರೆ. ಪಿಸ್ಟನ್, ವಾಲ್ವ್, ಪ್ಯಾಕಿಂಗ್ ಸೆಟ್, ಕಾರ್ಬುರೇಟರ್ ಕಿಟ್ ಈಗಲೂ ತಯಾರಾಗುತ್ತವೆ. ಒಂದು ಎಚ್ಚರ: ಪಿಸ್ಟನ್ ಮೊದಲೇ ಕೊಳ್ಳಬೇಡಿ. ಬ್ಲಾಕನ್ನು ಬೋರಿಂಗ್ ಶಾಪಿಗೆ ಕೊಟ್ಟು ಅಳೆಸಿ. ಎಷ್ಟು ಓವರ್‌ಸೈಜ್ ಬೇಕು ಅಂತ ಅವರು ಹೇಳಿದ ಮೇಲೆ ಪಿಸ್ಟನ್ ತಂದು, ಅದನ್ನು ಅವರ ಕೈಗೆ ಕೊಟ್ಟು, ಅದಕ್ಕೆ ತಕ್ಕ ಹಾಗೆ ಬೋರ್ ಮಾಡಿಸಿ.

ಡೀಸೆಲ್ ಕೂರಿಸುವುದು ಸುಲಭ ಅನ್ನಿಸುತ್ತದೆ, ಎಂಡಿಐ ಪಾರ್ಟ್ ಎಲ್ಲೆಲ್ಲೂ ಸಿಗುತ್ತದೆ ನಿಜ. ಆದರೆ ಹಗುರದ ಪೆಟ್ರೋಲ್ ಎಂಜಿನ್ನಿಗೆ ಮಾಡಿದ ಗೇರ್‌ಬಾಕ್ಸು, ಮುಂದಿನ ಸ್ಪ್ರಿಂಗು, ಬ್ರೇಕು ಆ ಭಾರಕ್ಕೆ ಸೋಲುತ್ತವೆ. ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಮೂಲ ವಿವರ ಬದಲಿಸುವ ಹಾಗಿಲ್ಲ. ಎಂಜಿನ್ ಬದಲಿಸಲು ಆರ್‌ಟಿಒ ಒಪ್ಪಿಗೆ ಬೇಕು. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ. ನನ್ನ ಮಾತು ಕೇಳುವುದಾದರೆ ಪೆಟ್ರೋಲ್ ಜೀಪನ್ನು ಪೆಟ್ರೋಲ್ ಆಗಿಯೇ ಬಿಡಿ. ಬೆಳಗಿನ ಮಂಜಿನಲ್ಲಿ ಅದು ಸ್ಟಾರ್ಟ್ ಆಗುವ ಸದ್ದು ಕೇಳಿದರೆ ಯಾಕೆ ಹೀಗೆ ಹೇಳಿದೆ ಅಂತ ಗೊತ್ತಾಗುತ್ತದೆ.

ಬ್ರೇಕ್ ಪಾರ್ಟ್ ತರುವಾಗ ಏನು ನೋಡಬೇಕು?

ಡ್ರಮ್ಮಿನ ಒಳ ಅಳತೆ. ಸಿಜೆ-3ಬಿಗೆ ಬಂದಿದ್ದು ಒಂಬತ್ತು ಇಂಚು. ಆಮೇಲಿನ ಗಾಡಿಗಳಿಗೆ ದೊಡ್ಡದು ಬಂತು, ಬಹಳ ಜನ ಅದನ್ನೇ ತಂದು ಹಾಕಿದ್ದಾರೆ. ಹಾಗಾಗಿ ನಾಲ್ಕೂ ಚಕ್ರ ಅಳೆಯಿರಿ. ವೀಲ್ ಸಿಲಿಂಡರ್ ಮುಂದಿನದು ಹಿಂದಿನದು ಒಂದೇ ಅಂದುಕೊಳ್ಳಬೇಡಿ. ಹಳೇ ವಿಲ್ಲೀಸ್‌ನಲ್ಲಿ ಮುಂದೆ ಒಂದು ಇಂಚು, ಹಿಂದೆ ಮುಕ್ಕಾಲು ಇಂಚು. ಅದಲು ಬದಲಾದರೆ ಹಿಂದಿನ ಚಕ್ರ ಮೊದಲು ಹಿಡಿದು ಗಾಡಿ ಅಡ್ಡ ತಿರುಗುತ್ತದೆ. ಬ್ರೇಕ್ ಪೈಪು, ಹೋಸು ಎಲ್ಲ ಹೊಸದೇ ಹಾಕಿ. ಹಳೇ ಲೈನರಿನ ಧೂಳಿನಲ್ಲಿ ಕಲ್ನಾರು ಇರಬಹುದು, ಗಾಳಿ ಹೊಡೆದು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ನಟ್ಟು ಬೋಲ್ಟು ಯಾಕೆ ಹೊಂದುವುದಿಲ್ಲ?

ಜೀಪಿನ ಚಾಸಿ, ಆಕ್ಸಲ್ ಎಲ್ಲ ಇಂಚಿನ ಲೆಕ್ಕದ್ದು. ಒಂದು ಇಂಚಿಗೆ ಎಂಟು ನೂಲು ಅಂತ ಹೇಳುತ್ತಾರಲ್ಲ, ಆ ಲೆಕ್ಕ. ಪ್ಯೂಜೋ ಎಂಜಿನ್ ಮಾತ್ರ ಮಿಲಿಮೀಟರ್. ಹಾಗಾಗಿ ಪ್ಯೂಜೋ ಎಂಜಿನ್ ಇರುವ ಎಂಎಂ 540ರಲ್ಲಿ ಎರಡೂ ಬಗೆ ಒಟ್ಟಿಗೆ ಇರುತ್ತವೆ. ಎಂಟು ಮಿಲಿಮೀಟರ್ ಬೋಲ್ಟು ಐದು-ಹದಿನಾರರ ಇಂಚಿನ ನಟ್ಟಿಗೆ ಎರಡು ಸುತ್ತು ಹೋಗಿ ಬಿಗಿಯಾಗುತ್ತದೆ. ಬಲ ಹಾಕಿದರೆ ಥ್ರೆಡ್ ಹೋಯಿತು.

ಇನ್ನೊಂದು. ಹಳೇ ಜೀಪಿನ ಎಡಗಡೆ ಚಕ್ರದ ನಟ್ಟುಗಳು ಎಡ ಥ್ರೆಡ್ಡಿನವು, ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಗೊತ್ತಿಲ್ಲದೆ ಪೈಪು ಹಾಕಿ ತಿರುಗಿಸಿ ಸ್ಟಡ್ ಮುರಿದವರು ತುಂಬಾ ಜನ. ಕೊಳ್ಳುವಾಗಲೂ ಎಡದ್ದು ಐದು, ಬಲದ್ದು ಐದು ಅಂತ ಬೇರೆ ಬೇರೆ ಹೇಳಿ.

ಬಾಡಿ ಪೂರ್ತಿ ಹೋಗಿದೆ. ಹೊಸ ಬಾಡಿ ತರಿಸಲಾ?

ಮೊದಲು ನೆಲ ನೋಡಿ. ಜೀಪಿನ ನೆಲದ ಕೆಳಗೆ ಟೋಪಿ ಆಕಾರದ ಉದ್ದ ಪಟ್ಟಿಗಳಿವೆ. ಹಳೇ ವಿಲ್ಲೀಸ್‌ನಲ್ಲಿ ಅದರೊಳಗೆ ಮರ ತುಂಬಿರುತ್ತಿದ್ದರು. ಆ ಮರ ನೀರು ಹೀರಿ ಬಿಡುವುದೇ ಇಲ್ಲ. ನಮ್ಮ ಮಳೆಯಲ್ಲಿ ಅಲ್ಲಿಂದಲೇ ತುಕ್ಕು ಶುರು. ಮೇಲೆ ಪೇಂಟ್ ಚೆನ್ನಾಗಿದ್ದರೂ ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುತ್ತದೆ.

ನೆಲ ಮತ್ತು ಪಕ್ಕದ ಕೆಳಭಾಗ ಮಾತ್ರ ಹೋಗಿದ್ದರೆ ಇಲ್ಲೇ ಒಳ್ಳೆ ಟಿಂಕರ್ ಹತ್ತಿರ ಕಟ್ಟಿಸಿ. ಹೊಸ ಬಾಡಿ ತರಿಸುವುದಾದರೆ ತಗಡಿನ ಗೇಜ್ ಕೇಳಿ. ಗೇಜ್ ನಂಬರ್ ಜಾಸ್ತಿ ಆದಷ್ಟೂ ತಗಡು ತೆಳು. 16 ಗೇಜ್ ಅಂದರೆ ಸುಮಾರು 1.6 ಮಿಲಿಮೀಟರ್, 18 ಅಂದರೆ ಸುಮಾರು 1.2. ಬಾಡಿ ಬೋಲ್ಟಿನ ತೂತುಗಳ ಅಳತೆಯನ್ನು ನಿಮ್ಮ ಚಾಸಿಯಿಂದ ತೆಗೆದು ಕಳಿಸಿ. ಸಿಜೆ-3ಬಿ ವೀಲ್‌ಬೇಸ್ 80 ಇಂಚು, ಎಂಎಂ 540ಯದು 91. ಇಷ್ಟು ವ್ಯತ್ಯಾಸವನ್ನೇ ಕೇಳದೆ ಆರ್ಡರ್ ತಗೊಳ್ಳುವವರಿದ್ದಾರೆ. ಬಾಡಿ ಬಂದ ಮೇಲೆ ಪೇಂಟಿಗೆ ಮೊದಲು ಒಂದು ಸಲ ಕೂರಿಸಿ ನೋಡಿ.

ಜೋಂಗಾ, ಜಿಪ್ಸಿಗೂ ಇದೇ ದಾರಿಯಾ?

ಜಿಪ್ಸಿಗೆ ಕಷ್ಟ ಕಮ್ಮಿ. 1985ರಲ್ಲಿ ಬಂದ ಗಾಡಿ, ಸೇನೆಯೂ ತುಂಬಾ ಕೊಂಡಿತು, ಪಾರ್ಟ್ ಹರಿದಾಡುತ್ತಿದೆ. ಮೊದಲಿನ 970 ಸಿಸಿಯದಾ, ಆಮೇಲಿನ 1.3 ಲೀಟರಿನದಾ ಅಂತ ಮಾತ್ರ ತಿಳಿದಿರಿ.

ಜೋಂಗಾ ಬೇರೆ ಕತೆ. ನಿಸಾನ್ ಕಂಪನಿಯ 'ಪಟ್ರೋಲ್' ಅನ್ನುವ ಗಾಡಿಯ ಮಾದರಿಯಲ್ಲಿ 1969ರಿಂದ 1999ರ ತನಕ ಜಬಲ್ಪುರದಲ್ಲಿ ಸೇನೆಗೆ ಅಂತ ಮಾಡಿದ್ದು. ನಾಲ್ಕು ಲೀಟರಿನ ಆರು ಸಿಲಿಂಡರ್ ಎಂಜಿನ್. ಸೈನ್ಯದಿಂದ ನಿವೃತ್ತರಾದವರು ಇರುವ ನಮ್ಮ ಜಿಲ್ಲೆಯಲ್ಲಿ ಅದರ ಮೇಲೆ ಆಸೆ ಇರುವವರು ಸುಮಾರು ಜನ. ಪಾರ್ಟ್ ಸಿಗುವುದು ಹೆಚ್ಚಾಗಿ ಸೇನೆ ಹರಾಜು ಹಾಕಿದ ಮಾಲು ಕೊಂಡವರ ಹತ್ತಿರ. ಸಾಧ್ಯ ಆದರೆ ಪಾರ್ಟ್‌ಗೆ ಅಂತಲೇ ಇನ್ನೊಂದು ಗಾಡಿ ಕೊಂಡಿಡಿ.

ದೂರದಿಂದ ತರಿಸುವಾಗ ದುಡ್ಡು ಹೋದರೆ? ಸಾಗಾಟ ಹೇಗೆ?

ವಿಡಿಯೋ ಕಾಲ್ ಮಾಡಿ, ಪಾರ್ಟ್ ಮೇಲೆ ಸ್ಕೇಲ್ ಇಟ್ಟು ತೋರಿಸಲು ಹೇಳಿ. ನಿಜವಾಗಿ ಮಾರುವವರು ಬೇಜಾರು ಮಾಡಿಕೊಳ್ಳುವುದಿಲ್ಲ. ಪೂರ್ತಿ ದುಡ್ಡು ಮೊದಲೇ ಹಾಕಬೇಡಿ. ಬಿಲ್ ಬೇಕೇ ಬೇಕು. ಎಂಜಿನ್, ಚಾಸಿ ತುಂಡು ಮುಂತಾಗಿ ನಂಬರ್ ಇರುವ ವಸ್ತುವಾದರೆ ಅದು ಯಾವ ಗಾಡಿಯಿಂದ ಬಂತೋ ಅದರ ಆರ್‌ಸಿ ನಕಲೂ ಬೇಕು. ಕದ್ದ ಗಾಡಿಯ ಎಂಜಿನ್ ನಿಮ್ಮ ಅಂಗಳಕ್ಕೆ ಬರಬಾರದು.

ಕೊಡಗಿಗೆ ರೈಲು ಇಲ್ಲ. ಭಾರದ್ದು ಲಾರಿ ಪಾರ್ಸೆಲ್‌ನಲ್ಲಿ ಮೈಸೂರಿಗೋ ಕುಶಾಲನಗರಕ್ಕೋ ಬರುತ್ತದೆ, ಅಲ್ಲಿಂದ ಪಿಕಪ್ ಮಾಡಿಕೊಳ್ಳಬೇಕು. ಬೆಂಗಳೂರಿನಿಂದ ಚಿಕ್ಕಪುಟ್ಟದ್ದಕ್ಕೆ ಕೆಎಸ್‌ಆರ್‌ಟಿಸಿಯ ಕಾರ್ಗೋ ಒಳ್ಳೆಯದು.

ಕಾಗದಪತ್ರ ಏನಾಗಬೇಕು?

ಖಾಸಗಿ ಗಾಡಿಗೆ 15 ವರ್ಷ ಆದ ಮೇಲೆ ಪ್ರತಿ ಐದು ವರ್ಷಕ್ಕೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿ ಆರ್‌ಸಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರು, ಜೀಪಿನಂಥ ಗಾಡಿಗೆ ಇದರ ಶುಲ್ಕ 5,000 ರೂಪಾಯಿ ಆಯಿತು. 2025ರಲ್ಲಿ 20 ವರ್ಷ ದಾಟಿದವಕ್ಕೆ 10,000 ಮಾಡಿದರು. ಬಾಕಿ ಎಷ್ಟಿದೆ ಅಂತ ಮಡಿಕೇರಿ ಆರ್‌ಟಿಒದಲ್ಲಿ ಕೇಳಿ, ಪಾರ್ಟ್ ಖರ್ಚಿನ ಜೊತೆಗೇ ಅದನ್ನೂ ಬರೆದಿಡಿ.

50 ವರ್ಷ ದಾಟಿದ್ದರೆ 2021ರಲ್ಲಿ ಬಂದ ವಿಂಟೇಜ್ ನಿಯಮ ಇದೆ. ಮೊದಲ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ಗಾಡಿ ಮೂಲ ರೂಪದಲ್ಲಿರಬೇಕು. ಪ್ರದರ್ಶನ, ರ‍್ಯಾಲಿ ಅಂಥದ್ದಕ್ಕೆ ಮಾತ್ರ ರಸ್ತೆಗಿಳಿಸಬಹುದು. ದಿನಾ ಗೋಣಿಕೊಪ್ಪ ಸಂತೆಗೆ ಹೋಗುವ ಜೀಪಿಗೆ ಇದು ಹೊಂದುವುದಿಲ್ಲ.

ಯಾವ ತಿಂಗಳಲ್ಲಿ ಶುರು ಮಾಡಿದರೆ ಒಳ್ಳೆಯದು?

ಕಾಫಿ ಕೊಯ್ಲು ಮುಗಿದು ಕೈಯಲ್ಲಿ ಸ್ವಲ್ಪ ದುಡ್ಡು, ಸ್ವಲ್ಪ ಬಿಡುವು ಇರುವ ಮಾರ್ಚ್ ಕೊನೆಗೆ ಬಿಚ್ಚಿ. ಏಪ್ರಿಲ್, ಮೇ ತಿಂಗಳಲ್ಲಿ ತೊಳೆಯುವುದು, ಅಳೆಯುವುದು, ಬಾಡಿ ಮತ್ತು ಪೇಂಟ್. ಜೂನ್ ಮೇಲೆ ಪೇಂಟ್ ಹೊಡೆದರೆ ಒಣಗುವುದಿಲ್ಲ, ಒಳಗೆ ತೇವ ಕೂತು ಗುಳ್ಳೆ ಬರುತ್ತದೆ. ಮಳೆಯ ಮೂರು ತಿಂಗಳು ಶೆಡ್ಡಿನೊಳಗೆ ಎಂಜಿನ್, ಗೇರ್‌ಬಾಕ್ಸ್ ಕೆಲಸಕ್ಕಿಡಿ. ಪಾರ್ಟ್ ಪಟ್ಟಿ ಮಾತ್ರ ಮಳೆಗೆ ಮೊದಲೇ ಮುಗಿದಿರಲಿ. ಮಣ್ಣು ಜರಿದು ರಸ್ತೆ ಮುಚ್ಚಿದರೆ ಪಾರ್ಸೆಲ್ ಎಲ್ಲೋ ನಿಲ್ಲುತ್ತದೆ. ಬಂದ ಪಾರ್ಟ್‌ಗೆ ಗ್ರೀಸ್ ಸವರಿ ಕಾಗದ ಸುತ್ತಿಡಿ. ನಮ್ಮ ಗಾಳಿಯಲ್ಲಿ ಹೊಸ ಬೇರಿಂಗಿಗೂ ಹದಿನೈದು ದಿನದಲ್ಲಿ ಕೆಂಪು ಬರುತ್ತದೆ. ನಮ್ಮದು ಹೊರಗೆ ಬಂದಿದ್ದು ಪುತ್ತರಿಗೆ ನಾಲ್ಕು ದಿನ ಮೊದಲು. ಆ ವರ್ಷ ಅಮ್ಮನನ್ನು ಅದರಲ್ಲೇ ಕೂರಿಸಿಕೊಂಡು ಐನ್ ಮನೆಗೆ, ಅಂದರೆ ನಮ್ಮ ಮನೆತನದ ಹಿರಿಮನೆಗೆ, ಹೋದೆವು.

ಕೆಲಸ ಮುಗಿದ ಮೇಲೆ ಉಳಿದ ಪಾರ್ಟ್?

ಒಂದು ಮಳೆಗಾಲ ಕಳೆಯಲಿ. ಆಮೇಲೆ ಪಟ್ಟಿ ಬರೆದು ನಿಮ್ಮ ಮೇಸ್ತ್ರಿಗೆ ಒಂದು ಪ್ರತಿ ಕೊಡಿ. ನನ್ನ ಶೆಡ್ಡಿನಲ್ಲಿ ಈಗ ಒಂದು 39ಕ್ಕೆ 8 ಕ್ರೌನ್ ಪಿನಿಯನ್ ಸೆಟ್ ಇದೆ, ಎರಡು ತಿಂಗಳು ಮಾತ್ರ ಓಡಿದ್ದು. ಎರಡೂ ಕಡೆ ಆ ಲೆಕ್ಕವೇ ಇರುವ ಜೀಪು ನಿಮ್ಮದಾಗಿದ್ದರೆ, ಹಲ್ಲು ಎಣಿಸಿಕೊಂಡು ಬನ್ನಿ.